ಸಹಾಯ ಬೇಕು: ಅಮ್ಮನ ಹಳೆ ಫೋನಿಗೆ ಇಯರ್‌ಬಡ್ಸ್ ಪೇರ್ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಮ್ಮನ ಫೋನಿಗೆ ಹೊಸ ಇಯರ್‌ಬಡ್ಸ್ ಸೇರಿಸಲು ಎರಡು ದಿನದಿಂದ ಒದ್ದಾಡುತ್ತಿದ್ದೇನೆ. ಫೋನಿನಲ್ಲಿ ಆಂಡ್ರಾಯ್ಡ್ 8, ಬ್ಲೂಟೂತ್ 4.2 ಇದೆ. ಇಯರ್‌ಬಡ್ಸ್‌ನದು 5.3. ಹೊಸದು ಹಳೆಯದರ ಜೊತೆಗೂ ಕೆಲಸ ಮಾಡಬೇಕು ಅಲ್ವಾ?

ಹುಡುಕಿದಾಗ ಒಂದೇ ಇಯರ್‌ಬಡ್ಸ್ ಎರಡು ಹೆಸರಲ್ಲಿ ಕಾಣಿಸುತ್ತದೆ. ಒಂದರ ಮೊದಲಲ್ಲಿ ‘ಎಲ್‌ಇ’ (ಲೋ ಎನರ್ಜಿ, ಅಂದರೆ ಕಡಿಮೆ ಬ್ಯಾಟರಿ ಬಳಸುವ ಬ್ಲೂಟೂತ್) ಅಂತ ಇದೆ. ಅದನ್ನು ಒತ್ತಿದರೆ ತಕ್ಷಣ ಪೇರ್ ಆಗುತ್ತದೆ, ಆದರೆ ಶಬ್ದ ಫೋನಿನ ಸ್ಪೀಕರ್‌ನಲ್ಲೇ ಬರುತ್ತದೆ. ಎಲ್‌ಇ ಆಡಿಯೋಗೆ, ಅಂದರೆ ಅದರ ಮೂಲಕ ಶಬ್ದ ಕಳಿಸುವ ಹೊಸ ವಿಧಾನಕ್ಕೆ, ಫೋನಿನಲ್ಲಿ ಬ್ಲೂಟೂತ್ 5.2 ಆದರೂ ಬೇಕು, ಹಾಗಾಗಿ ಇದು ಅರ್ಥವಾಗುತ್ತದೆ. ಆದರೆ ಇನ್ನೊಂದು ಹೆಸರನ್ನು ಒತ್ತಿದರೆ ಕೇಸಿನ ಬಿಳಿ ದೀಪ ಮೂರು ಸಲ ಮಿನುಗಿ ಆರಿಹೋಗುತ್ತದೆ. ಅದು ಯಾಕೆ?

ಹಳೆಯ ಪೇರಿಂಗ್ ಎಲ್ಲ ಅಳಿಸಿದೆ, ಇಯರ್‌ಬಡ್ಸ್ ರೀಸೆಟ್ ಮಾಡಿದೆ, ಬ್ಲೂಟೂತ್ ಕ್ಯಾಶ್ (ಫೋನ್ ಉಳಿಸಿಟ್ಟ ತಾತ್ಕಾಲಿಕ ಮಾಹಿತಿ) ತೆಗೆದೆ. ನನ್ನ ಫೋನಿಗೆ ಒಂದೇ ಸಲಕ್ಕೆ ಸೇರಿತು, ಈಗ ಅದರ ಬ್ಲೂಟೂತ್ ಆಫ್ ಇಟ್ಟೇ ನೋಡುತ್ತಿದ್ದೇನೆ. ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾತ್ರ ಬಾಕಿ. ವೈಫೈ ಪಾಸ್‌ವರ್ಡ್ ಎಲ್ಲ ಹೋಗುತ್ತದೆ ಅಂತ ಸುಮ್ನೆ ಬಿಟ್ಟಿದ್ದೇನೆ.

ಇಯರ್‌ಬಡ್ಸ್ ಆ್ಯಪ್‌ನಲ್ಲಿ ಎಲ್‌ಇ ಆಡಿಯೋ ಆಫ್ ಮಾಡಿದರೆ ಸರಿಹೋಗಬಹುದಾ? ಹೀಗೇ ಆಗಿ ಸರಿಮಾಡಿಕೊಂಡವರು ದಯವಿಟ್ಟು ಹೇಳಿ. ಅಮ್ಮನಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್‌ನಲ್ಲಿ ನನ್ನ ಅರ್ಧ ಮಾತು ಕೇಳಿಸುವುದೇ ಇಲ್ಲ.