ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ಕಾದಂಬರಿಗೆ ಅಷ್ಟು ಬಲ ಬಂದದ್ದು ಹೇಗೆ?

ಪ್ರಶ್ನೆ: ಗುಲಾಮಗಿರಿಯ ವಿರುದ್ಧ ಅಮೆರಿಕದಲ್ಲಿ ಭಾಷಣ, ಕರಪತ್ರಗಳು ದಶಕಗಳಿಂದ ನಡೆದಿದ್ದರೂ, 1852ರಲ್ಲಿ ಪುಸ್ತಕವಾಗಿ ಬಂದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಗುಲಾಮಗಿರಿ ಇಲ್ಲದ ಉತ್ತರ ರಾಜ್ಯಗಳ ಸಾಮಾನ್ಯ ಓದುಗರನ್ನು ಅಷ್ಟೊಂದು ಕಲಕಿದ್ದೇಕೆ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಅದು ಬಂದ ಹೊತ್ತೇ ಮುಖ್ಯ. ತಪ್ಪಿಸಿಕೊಂಡು ಬಂದ ಗುಲಾಮರನ್ನು ಹಿಡಿದೊಪ್ಪಿಸುವ ಕೆಲಸಕ್ಕೆ ಉತ್ತರದವರನ್ನೂ ಎಳೆದ 1850ರ ಕಾನೂನಿನಿಂದ ಜನ ಕುದಿಯುತ್ತಿದ್ದಾಗಲೇ, 1851ರ ಜೂನ್‌ನಿಂದ ಈ ಕತೆ ‘ನ್ಯಾಷನಲ್ ಎರಾ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಪುಸ್ತಕವಾದ ಮೊದಲ ವರ್ಷ ಅಮೆರಿಕದಲ್ಲೇ ಸುಮಾರು 3 ಲಕ್ಷ ಪ್ರತಿಗಳು ಖರ್ಚಾದವು.

ಉತ್ತರ 2: ಕಾನೂನಿಗಿಂತ ತಾಯಿಯ ಸಂಕಟವೇ ಹೆಚ್ಚು ಕೆಲಸ ಮಾಡಿತೆಂದು ನನ್ನ ಅನಿಸಿಕೆ. 1849ರಲ್ಲಿ ಸ್ಟೋವ್ ತಮ್ಮ ಪುಟ್ಟ ಮಗನನ್ನು ಕಾಲರಾಕ್ಕೆ ಕಳೆದುಕೊಂಡಿದ್ದರು. ಮಗನನ್ನು ಮಾರಿದ್ದಾರೆಂದು ತಿಳಿದ ಎಲೈಜಾ ಎಂಬ ಗುಲಾಮ ತಾಯಿ ಕಾದಂಬರಿಯಲ್ಲಿ, ಕೂಸನ್ನು ಎದೆಗವಚಿಕೊಂಡು ಓಹಿಯೊ ನದಿಯಲ್ಲಿ ತೇಲುವ ಮಂಜುಗಡ್ಡೆಯಿಂದ ಮಂಜುಗಡ್ಡೆಗೆ ಜಿಗಿಯುತ್ತಾ, ಬೂಟು ಕಳಚಿಹೋಗಿ ಹೆಜ್ಜೆಹೆಜ್ಜೆಗೂ ರಕ್ತದ ಗುರುತು ಬಿಡುತ್ತಾ ದಡ ಸೇರುವ ದೃಶ್ಯವನ್ನು ಓದಿದವರಿಗೆ ಗುಲಾಮಗಿರಿ ಬರಿಯ ರಾಜಕೀಯ ವಾದವಾಗಿ ಉಳಿಯಲಿಲ್ಲ.

ಉತ್ತರ 3: ದಕ್ಷಿಣದವರು ಇದೆಲ್ಲ ಕಟ್ಟುಕತೆಯೆಂದು ಹೀಗಳೆದಾಗ, ಸ್ಟೋವ್ 1853ರಲ್ಲಿ ದಾಖಲೆಗಳನ್ನು ಕಲೆಹಾಕಿ ಇನ್ನೊಂದು ಪುಸ್ತಕವನ್ನೇ ಹೊರತಂದರು. ಆದರೆ ಕಥಾನಾಯಕನ ಹೆಸರಾದ ‘ಅಂಕಲ್ ಟಾಮ್’ ಎಂಬುದು ಮುಂದೆ ಕಪ್ಪು ಜನರ ನಡುವೆ, ಬಿಳಿಯರಿಗೆ ತಲೆಬಾಗುವವನು ಎಂಬ ಅರ್ಥದ ಬೈಗುಳವಾದದ್ದನ್ನೂ ಮರೆಯುವಂತಿಲ್ಲ. (ಅದಕ್ಕೆ ಕಾದಂಬರಿಗಿಂತ, ಅದನ್ನು ತಿರುಚಿ ಆಡಿದ ನಾಟಕಗಳೇ ಹೆಚ್ಚು ಹೊಣೆಯೆಂದು ನಾನು ಭಾವಿಸುತ್ತೇನೆ.)