ಸಹಾಯ ಬೇಕು: ಚರ್ಚ್ ತಂಡದ ಜೊತೆ ನೇಪಾಳಕ್ಕೆ ಹೊರಟಿದ್ದೇವೆ

ಅಣ್ಣ, ಅಕ್ಕಂದಿರೇ, ನಾನು ಹುಬ್ಬಳ್ಳಿ ಕೇಶ್ವಾಪುರದವಳು. ಮೇ ರಜೆಯಲ್ಲಿ ನಾನು, ನನ್ನ ಗೆಳತಿ ಚರ್ಚ್ ತಂಡದ ಜೊತೆ ಹತ್ತು ದಿನ ನೇಪಾಳಕ್ಕೆ ಮಿಷನ್ ಸೇವೆಗೆ ಹೊರಟಿದ್ದೇವೆ. ಗೋರಖ್‌ಪುರದವರೆಗೆ ರೈಲು, ಆಮೇಲೆ ಸೋನೌಲಿ ಗಡಿ. ನಮಗೆ ವೀಸಾ ಬೇಡ, ವೋಟರ್ ಐಡಿ ಸಾಕು. ಅದು ಗೊತ್ತು.

ತಲೆ ಕೆಟ್ಟಿರುವುದು ಬೇರೆ ವಿಷಯಕ್ಕೆ. ಅಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಮತಾಂತರ ಮಾಡಿಸಿದರೆ 5 ವರ್ಷದವರೆಗೆ ಜೈಲು. ವಿದೇಶಿಯರಾದರೆ ಆಮೇಲೆ ಗಡಿಪಾರು ಬೇರೆ. ನಾವು ಮಾಡುವುದು ಶಾಲೆಗೆ ಬಣ್ಣ ಹಚ್ಚುವುದು, ಮಕ್ಕಳಿಗೆ ಯೇಸುವಿನ ಹಾಡು ಕಲಿಸುವುದು, ಅಷ್ಟೇ. ಪಾಸ್ಟರ್ ಅವರನ್ನು ಕೇಳಿದೆ, ‘ಪ್ರಾರ್ಥನೆ ಮಾಡಮ್ಮ’ ಅಂದರು. ಮಾಡುತ್ತಿದ್ದೇನೆ, ಆದರೆ ಅಪ್ಪನಿಗೆ ಉತ್ತರ ಕೊಡಬೇಕಲ್ಲ! ಗೆಳತಿಯಂತೂ ಆಗಲೇ ಸ್ವೆಟರ್ ಕೊಂಡಿದ್ದಾಳೆ.

ಅಲ್ಲಿ ಸೇವೆ ಮಾಡಿ ಬಂದವರು ಯಾರಾದರೂ ಇದ್ದೀರಾ? ಶಾಲೆಯಲ್ಲಿ ಹಾಡು ಕಲಿಸಿದರೆ ಅದನ್ನೂ ಮತಾಂತರ ಅಂತ ಹಿಡಿಯುತ್ತಾರಾ? ಚರ್ಚ್ ಒಳಗಷ್ಟೇ ಕಲಿಸಿದರೆ ತೊಂದರೆ ಇಲ್ಲ, ಅಲ್ವಾ?