ಕಾಯಿಲೆಗೆ ಪ್ರಾರಬ್ಧ ಎಂದವರಿಗೆ ಏನು ಹೇಳಲಿ, ದಿನಚರ್ಯೆಯನ್ನು ಎಲ್ಲಿಂದ ಶುರು ಮಾಡಲಿ?

ಕೇಳಿದವರು: ದಾವಣಗೆರೆ ಮೂಲ, ಈಗ ಬೆಂಗಳೂರು

ತಂದೆಯವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಈಚೆಗೆ ಪಾದ ಜೋಮು ಹಿಡಿದಂತಿರುತ್ತದೆ ಎನ್ನುತ್ತಾರೆ. ಮನೆಗೆ ಬಂದ ನೆಂಟರೊಬ್ಬರು, "ಇದು ಹಿಂದಿನ ಜನ್ಮದ್ದು, ಅನುಭವಿಸಿಯೇ ತೀರಬೇಕು. ಮಾತ್ರೆ ಬಿಡಿಸಿ, ಕಷಾಯ ಕುಡಿಸಿ, ಜಪ ಮಾಡಿಸಿ" ಎಂದು ಹೇಳಿ ಹೋದರು. ಅಂದಿನಿಂದ ಅಪ್ಪ ಸರಿಯಾಗಿ ಮಾತನಾಡುತ್ತಿಲ್ಲ. ತಾನು ಯಾವ ಪಾಪ ಮಾಡಿದ್ದೆನೋ ಎಂಬ ಚಿಂತೆ ಹಿಡಿದಿದೆ. ನನಗೆ ಆಯುರ್ವೇದದಲ್ಲಿ ನಂಬಿಕೆ ಇದೆ, ಕರ್ಮದಲ್ಲೂ ಇದೆ. ಬೇಗ ಏಳುವುದು, ಅಭ್ಯಂಗ, ಧ್ಯಾನ, ಮಿತಾಹಾರ ಎಲ್ಲ ರೂಢಿಸಿಕೊಂಡು ಧರ್ಮಕ್ಕೆ ಹೊಂದುವ ಹಾಗೆ ಬದುಕಬೇಕೆಂಬ ಆಸೆಯೂ ಇದೆ. ಆದರೆ ನನ್ನದು ಪಾಳಿ ಕೆಲಸ, ರಾತ್ರಿ ಪಾಳಿಯೂ ಬರುತ್ತದೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಶಿರಸಿಯ ನಿವೃತ್ತ ಸಂಸ್ಕೃತ ಅಧ್ಯಾಪಕ

ಮೊದಲ ಮಾತು: ಮಾತ್ರೆ ಬಿಡಿಸಬೇಡಿ. ಉಳಿದದ್ದೆಲ್ಲ ಆಮೇಲೆ.

ನಿಮ್ಮ ನೆಂಟರ ಮಾತಿನ ಹಿಂದೆ ಊರೆಲ್ಲ ಓಡಾಡುವ ಒಂದು ಶ್ಲೋಕವಿದೆ: "ಜನ್ಮಾಂತರಕೃತಂ ಪಾಪಂ ವ್ಯಾಧಿರೂಪೇಣ ಬಾಧತೇ", ಹಿಂದಿನ ಜನ್ಮದ ಪಾಪ ರೋಗವಾಗಿ ಕಾಡುತ್ತದೆ ಎಂದು. ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ನಿಟ್ಟುಸಿರು ಬಿಡುತ್ತಾರೆ. ಮುಂದಿನ ಸಾಲನ್ನೂ ಕೇಳಿ: "ತಚ್ಛಾಂತಿರೌಷಧೈರ್ದಾನೈರ್ಜಪಹೋಮಸುರಾರ್ಚನೈಃ". ಶಾಂತಿಗೆಂದು ಮೊದಲು ಹೇಳಿರುವುದೇ ಔಷಧ. ದಾನ, ಜಪ, ಹೋಮ ಎಲ್ಲ ಅದರ ಬೆನ್ನಿಗೆ ಬರುತ್ತವೆ. ನೆಂಟರು ಮತ್ತೆ ಬಂದರೆ ಪೂರ್ತಿ ಶ್ಲೋಕ ಹೇಳಿ ಕಾಫಿ ಕೊಡಿ.

ಆಯುರ್ವೇದದ ಮೂಲಗ್ರಂಥವಾದ ಚರಕಸಂಹಿತೆಯಲ್ಲಿ, ವಿಮಾನಸ್ಥಾನವೆಂಬ ಭಾಗದ ಮೂರನೆಯ ಅಧ್ಯಾಯದಲ್ಲಿ ಈ ಚರ್ಚೆಯೇ ನಡೆಯುತ್ತದೆ. ಹಿಂದಿನ ದೇಹದಲ್ಲಿ ಮಾಡಿದ್ದು ದೈವ, ಈ ಜನ್ಮದಲ್ಲಿ ಮಾಡುವುದು ಪುರುಷಕಾರ. ಆಯುಸ್ಸು ಎರಡರ ಮೇಲೂ ನಿಂತಿದೆ. ದೈವ ದುರ್ಬಲವಾಗಿದ್ದರೆ ಪುರುಷಕಾರ ಅದನ್ನು ಹಿಮ್ಮೆಟ್ಟಿಸುತ್ತದೆ ಎನ್ನುತ್ತಾನೆ ಅಲ್ಲಿ ಉಪದೇಶಿಸುವ ಗುರು ಆತ್ರೇಯ. ಎಲ್ಲವೂ ಮೊದಲೇ ಬರೆದಿಟ್ಟದ್ದಾದರೆ ಔಷಧ, ಮಂತ್ರ ಯಾವುದೂ ಬೇಕಿರಲಿಲ್ಲ, ರೊಚ್ಚಿಗೆದ್ದ ಆನೆಯೋ ಕೋಣವೋ ಎದುರಿಗೆ ನುಗ್ಗಿದರೂ ದಾರಿ ಬಿಟ್ಟು ಸರಿಯಬೇಕಿರಲಿಲ್ಲ ಎಂದೂ ಅಲ್ಲಿಯೇ ವಾದವಿದೆ. ಇದನ್ನು ಅಪ್ಪನಿಗೆ ಓದಿ ಹೇಳಿ. ಅವರು ಕರ್ಮವನ್ನು ನಂಬುವವರಾದರೆ ಕರ್ಮದ ಭಾಷೆಯಲ್ಲೇ ಸಮಾಧಾನ ಸಿಗಬೇಕು. ನಾವು ನೀವು "ಅದೆಲ್ಲ ಸುಳ್ಳು" ಎಂದರೆ ಅವರ ಮನಸ್ಸಿಗೆ ಹತ್ತುವುದಿಲ್ಲ.

ಇನ್ನು ದಿನಚರ್ಯೆ. ವಾಗ್ಭಟ ಬರೆದ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದ ಮೊದಲ ಭಾಗವಾದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯವೇ ಅದು. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬ ಮೊದಲ ಸಾಲನ್ನು ಎಲ್ಲರೂ ಹಿಡಿದುಕೊಳ್ಳುತ್ತಾರೆ. ಆ ವಿಧಿ ಸ್ವಸ್ಥನಿಗೆ ಹೇಳಿದ್ದು. ಕಾಯಿಲೆಯ ಅಪ್ಪನನ್ನು ನಾಲ್ಕೂವರೆಗೆ ಎಬ್ಬಿಸಿ ಕೂರಿಸಬೇಡಿ. ಹಲ್ಲುಜ್ಜುವುದು, ಅಂಜನ, ಎಣ್ಣೆ, ವ್ಯಾಯಾಮ, ಸ್ನಾನ ಮುಗಿಯುವಷ್ಟರಲ್ಲಿ ಅಧ್ಯಾಯ ಅರ್ಧವೂ ಆಗಿರುವುದಿಲ್ಲ. ಮಿಕ್ಕದ್ದೆಲ್ಲ ನಡತೆ. ಸುಖ ಧರ್ಮವಿಲ್ಲದೆ ಇಲ್ಲ ಎಂದು ಶುರುಮಾಡಿ, ಇರುವೆ ಹುಳುಗಳನ್ನೂ ತನ್ನಂತೆಯೇ ಕಾಣು, ಜೀವನೋಪಾಯ ಇಲ್ಲದವರಿಗೆ, ರೋಗಿಗಳಿಗೆ, ದುಃಖದಲ್ಲಿರುವವರಿಗೆ ಶಕ್ತಿ ಇದ್ದಷ್ಟು ನೆರವಾಗು ಎನ್ನುತ್ತಾನೆ. ಇನ್ನೊಬ್ಬನ ಏಳಿಗೆ ಕಂಡು ಹೊಟ್ಟೆ ಉರಿದರೆ ಆ ಏಳಿಗೆಗೆ ಕಾರಣವಾದ ದುಡಿಮೆಯ ಮೇಲೆ ಅಸೂಯೆ ಪಡು, ಫಲದ ಮೇಲೆ ಬೇಡ ಎಂಬ ಮಾತೂ ಅಲ್ಲಿದೆ. ಇಂದ್ರಿಯಗಳನ್ನು ಹಿಂಸಿಸಲೂ ಬೇಡ, ಅತಿಯಾಗಿ ಮುದ್ದಿಸಲೂ ಬೇಡ ಎಂಬುದು ನನಗೆ ಬಹಳ ಹಿಡಿಸಿದ ಮಾತು. ಉಪವಾಸದ ಹುಚ್ಚು ಹಿಡಿದವರಿಗೆ ಇದನ್ನೇ ಹೇಳುತ್ತೇನೆ.

ಬಿಡಬೇಕಾದ ಹತ್ತು ಪಾಪಗಳನ್ನು ಅದೇ ಅಧ್ಯಾಯ ಎಣಿಸುತ್ತದೆ: ದೇಹದಿಂದ ಮೂರು, ಮಾತಿನಿಂದ ನಾಲ್ಕು, ಮನಸ್ಸಿನಿಂದ ಮೂರು. ನಾನು ಹಿಡಿದುಕೊಂಡದ್ದು ಮಾತಿನ ನಾಲ್ಕನ್ನು ಮಾತ್ರ: ಚಾಡಿ, ಬಿರುನುಡಿ, ಸುಳ್ಳು, ಹಾಳುಹರಟೆ. ಬೆಳಿಗ್ಗೆ ಏಳುವುದು ಇದರ ಮುಂದೆ ಏನೂ ಅಲ್ಲ. ಅಧ್ಯಾಯದ ಕೊನೆಯ ಭಾಗದಲ್ಲಿ, ನನ್ನ ಹಗಲು ರಾತ್ರಿಗಳು ಹೇಗೆ ಕಳೆಯುತ್ತಿವೆ ಎಂದು ನಿತ್ಯ ನೆನೆಯುವವನು ದುಃಖಕ್ಕೆ ಪಾಲಾಗುವುದಿಲ್ಲ ಎಂದಿದೆ. ಮಲಗುವ ಮೊದಲು ಜಗಲಿಯ ದೀಪ ಆರಿಸಿ, ಇಂದು ಯಾರಿಗೆ ಏನು ಆಡಿದೆ ಎಂದು ಮೆಲುಕು ಹಾಕುತ್ತೇನೆ. ಯಾರಿಗಾದರೂ ಚುಚ್ಚಿದ್ದರೆ ಮರುದಿನ ಬೆಳಿಗ್ಗೆ ಫೋನ್ ಮಾಡುವುದುಂಟು. ನನಗೆ ತಿಳಿದ ಮಟ್ಟಿಗೆ ಕರ್ಮ ಕಳೆಯುವುದೆಂದರೆ ಇಷ್ಟೇ ಕೆಲಸ. ನಿಮ್ಮ ನೆಂಟರಿಗೂ ಈ ಅಭ್ಯಾಸ ಇದ್ದಿದ್ದರೆ ರೋಗಿಯ ಮುಂದೆ ಕುಳಿತು ಅಂಥ ಮಾತು ಆಡುತ್ತಿರಲಿಲ್ಲ.

ಧಾರವಾಡದ ಗೃಹಿಣಿ

ಮೇಷ್ಟ್ರು ಹೇಳಿದ್ದು ಸರಿ. ಅವರು ಹೇಳದ ಒಂದನ್ನು ನಾನು ಹೇಳುತ್ತೇನೆ ಅಣ್ಣಾ. ನಮ್ಮ ಮನೆಯವರಿಗೂ ಒಮ್ಮೆ ದಿನಚರ್ಯೆಯ ಉತ್ಸಾಹ ಬಂತು. ಅವರು ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕಾದರೆ ನಾನು ಅದಕ್ಕೂ ಮೊದಲು ಎದ್ದು ಹಂಡೆಗೆ ಉರಿ ಹಾಕಬೇಕಿತ್ತು. ಎಣ್ಣೆ ಬೆಚ್ಚಗೆ ಮಾಡುವವಳು ನಾನು, ಜಿಡ್ಡಿನ ಪಂಚೆ ಒಗೆಯುವವಳು ನಾನು, ಬಚ್ಚಲಿನಲ್ಲಿ ಕಾಲು ಜಾರಿದ್ದು ಅತ್ತೆಗೆ. ಅವರ ಮುಖದಲ್ಲಿ ಮಾತ್ರ ಭಾರಿ ಶಾಂತಿ. ಒಂದು ದಿನ ಕೇಳಿಯೇಬಿಟ್ಟೆ, ಈ ಪುಣ್ಯ ಯಾರ ಲೆಕ್ಕಕ್ಕೆ ಜಮೆಯಾಗುತ್ತದೆ ಎಂದು.

ಈಗ ಎಣ್ಣೆಯ ಬಟ್ಟಲು ಬಿಸಿನೀರಿನಲ್ಲಿಡುವುದು, ಸ್ನಾನವಾದ ಮೇಲೆ ಸೀಗೆಪುಡಿ ಉದುರಿಸಿ ಬಚ್ಚಲು ತಿಕ್ಕುವುದು, ಪಂಚೆಯನ್ನು ಅಂಟುವಾಳದ ನೀರಿನಲ್ಲಿ ನೆನೆಹಾಕುವುದು ಎಲ್ಲ ಅವರದೇ. ವಾರಕ್ಕೊಮ್ಮೆಗೆ ಇಳಿದಿದೆ, ಆದರೆ ತಪ್ಪುವುದಿಲ್ಲ. ನೀವು ಶುರು ಮಾಡುವ ಮೊದಲು ನಿಮ್ಮ ಮನೆಯಲ್ಲಿ ಇದರ ಕೆಲಸ ಯಾರ ಮೇಲೆ ಬೀಳುತ್ತದೆ ಎಂದು ನೋಡಿಕೊಳ್ಳಿ.

ಮಂಗಳೂರಿನ ಕಡೆ ಆಸ್ಪತ್ರೆಯಲ್ಲಿ ದಾದಿ

ನನ್ನದೂ ಪಾಳಿ ಕೆಲಸವೇ. ರಾತ್ರಿ ಜಾಗರಣೆ ಮೈಯನ್ನು ಒಣಗಿಸುತ್ತದೆ, ಹಗಲು ನಿದ್ದೆ ಜಿಡ್ಡು ಹೆಚ್ಚಿಸುತ್ತದೆ ಎಂದು ಶಾಸ್ತ್ರ ಹೇಳುತ್ತದೆ. ಹಾಗೆಂದು ರಾತ್ರಿ ದುಡಿಯುವವರನ್ನು ಕೈಬಿಟ್ಟಿಲ್ಲ. ರಾತ್ರಿ ನಿದ್ದೆಗೆಟ್ಟವನು ಅದರ ಅರ್ಧದಷ್ಟು ಕಾಲ ಬೆಳಿಗ್ಗೆ ಉಣ್ಣುವ ಮೊದಲು ಮಲಗಲಿ ಎಂದು ವಾಗ್ಭಟನೇ ಬರೆದಿದ್ದಾನೆ. ಅರ್ಧ ನನಗೆ ಸಾಲುವುದಿಲ್ಲ, ಪೂರ್ತಿಯೇ ಮಲಗುತ್ತೇನೆ. ಆದರೆ ಪಾಳಿ ಮುಗಿಸಿ ಬಂದು ಹೊಟ್ಟೆ ತುಂಬ ನೀರುದೋಸೆ ತಿಂದು ಬೀಳುವುದನ್ನು ಬಿಟ್ಟ ಮೇಲೆ ಎದೆಯುರಿ ಕಡಿಮೆಯಾಗಿದೆ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಊಟ ಬಿಟ್ಟು ಮಲಗಬಾರದು. ಧ್ಯಾನಕ್ಕೆ ಸೂರ್ಯೋದಯವೇ ಆಗಬೇಕೆಂದು ಕಾಯಬೇಡಿ, ಎದ್ದ ಹೊತ್ತು ನಿಮ್ಮ ಬೆಳಗು.

ನಿಮ್ಮ ತಂದೆಯ ಪಾದದ ವಿಷಯ ಹೆಚ್ಚು ಮುಖ್ಯ. ಎಣ್ಣೆಯನ್ನು ವಿಶೇಷವಾಗಿ ತಲೆ, ಕಿವಿ, ಪಾದಗಳಿಗೆ ಹಚ್ಚಬೇಕೆಂದು ಶಾಸ್ತ್ರದಲ್ಲಿದೆ. ಆ ಪಾದಾಭ್ಯಂಗವನ್ನು ನಿಮ್ಮ ಕೈಯಾರೆ ಮಾಡಿ. ನಮ್ಮ ಅತ್ತೆಯವರಿಗೆ ಹೀಗೆ ಹಚ್ಚುವಾಗ ಕಿರುಬೆರಳಿನ ಬುಡದಲ್ಲಿ ಏನೋ ಒರಟಾಗಿ ಬೆರಳಿಗೆ ತಾಗಿತು. ದೀಪದ ಹತ್ತಿರ ಹಿಡಿದು ನೋಡಿದರೆ ಚಪ್ಪಲಿಯ ಮೊಳೆ ಚುಚ್ಚಿ ಸುತ್ತಲೂ ಕೆಂಪಾಗಿತ್ತು. ಅವರಿಗೆ ನೋವೇ ತಿಳಿದಿರಲಿಲ್ಲ, ಆ ಕಾಲಿನಿಂದಲೇ ತೆಂಗಿನ ತೋಟವೆಲ್ಲ ಸುತ್ತಿ ಬಂದಿದ್ದರು. ಅಂದೇ ವೈದ್ಯರಿಗೆ ತೋರಿಸಿದೆವು, ವಾಸಿಯಾಯಿತು.

ಆದ್ದರಿಂದ ಅಂಗಾಲು, ಹಿಮ್ಮಡಿ, ಬೆರಳ ಸಂದು ಎಲ್ಲವನ್ನೂ ಬೆಳಕಿನಲ್ಲಿ ನೋಡಿ. ಬೆರಳ ಸಂದಿಗೆ ಎಣ್ಣೆ ಬೇಡ, ತೇವ ನಿಂತು ಕೊಳೆಯುತ್ತದೆ. ಗಾಯ ಇದ್ದರೆ ತಿಕ್ಕಬೇಡಿ. ಜೋಮು ಹಿಡಿದ ಕಾಲಿಗೆ ಬಿಸಿನೀರಿನ ಶಾಖ ಕೊಡಬೇಡಿ. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಬರಿಗಾಲಿನಲ್ಲಿ ದೇವಸ್ಥಾನ ಸುತ್ತುವ ಹರಕೆ ಇದ್ದರೆ ಅದನ್ನು ನೀವು ತೀರಿಸಿ.

ಕಲಬುರಗಿಯಿಂದ

ಎಣ್ಣೆಯ ಬಗ್ಗೆ: ಎಳ್ಳೆಣ್ಣೆಯೇ ಉತ್ತಮ ಎಂದು ಚರಕಸಂಹಿತೆ ಹೇಳುತ್ತದೆ. ಅಲ್ಲಿಯೇ ಕುಸುಬೆ ಎಣ್ಣೆಯನ್ನು ಎಲ್ಲಕ್ಕಿಂತ ಕೆಳಗಿಟ್ಟಿದ್ದಾರೆ. ನಮ್ಮ ಜೋಳದ ರೊಟ್ಟಿಗೂ ಚಟ್ನಿಪುಡಿಗೂ ಅದೇ ಎಣ್ಣೆ. ಈ ಒಂದು ವಿಷಯದಲ್ಲಿ ಮಹರ್ಷಿಗಳ ಮಾತು ಮೀರಿದ್ದೇವೆ.

ನಿಮ್ಮ ತಂದೆ ಸುಮ್ಮನೆ ಕುಳಿತು ಪಾಪ ಎಣಿಸುತ್ತಿದ್ದಾರೆ ಎಂದು ಓದಿ ಸಂಕಟವಾಯಿತು. ನಮ್ಮ ತಂದೆಯೂ ಪಾರ್ಶ್ವವಾಯು ಆದ ಮೇಲೆ ಹಾಗೆಯೇ ಇದ್ದರು. ಶರಣಬಸವೇಶ್ವರರ ಊರಿನಲ್ಲಿ ದಾಸೋಹಕ್ಕೆ ಬರವಿಲ್ಲ. ಸೋಮವಾರ ಕರೆದುಕೊಂಡು ಹೋಗಿ ತರಕಾರಿ ಸೋಸಲು ಕೂರಿಸುತ್ತಿದ್ದೆ. ನಡೆಯುವ ಕೈ ಒಂದೇ ಇತ್ತು, ಮೆಂತ್ಯದ ಸೊಪ್ಪು ಬಿಡಿಸಲು ಅದು ಸಾಕಿತ್ತು. ಪಕ್ಕದವರೊಡನೆ ಜಗಳವಾಡುವ ಮಟ್ಟಕ್ಕೆ ಬಂದಾಗ ನನಗೆ ಧೈರ್ಯ ಬಂತು. ನಿಮ್ಮ ತಂದೆಗೂ ಕುಳಿತು ಮಾಡುವ ಒಂದು ಕೆಲಸ ಹುಡುಕಿ, ನಾಲ್ಕು ಜನರಿಗೆ ಉಪಯೋಗವಾಗುವಂಥದ್ದು.

ಕೇಳಿದವರು

ಎಲ್ಲರಿಗೂ ಕೃತಜ್ಞತೆ. ಒಂದೇ ಪ್ರಶ್ನೆ ಉಳಿದಿದೆ. ಮಾತ್ರೆ ಬಿಡಿಸುವುದಿಲ್ಲ, ಆದರೆ ಅಮ್ಮ ಹಾಗಲಕಾಯಿ ರಸ, ಮೆಂತ್ಯ, ಅಮೃತಬಳ್ಳಿ ಕಷಾಯ ಜೊತೆಗಿರಲಿ ಎನ್ನುತ್ತಿದ್ದಾರೆ. ಕೊಡಬಹುದೇ?

ಮಂಗಳೂರಿನ ದಾದಿ

ಹಾಗಲವೂ ಮೆಂತ್ಯವೂ ಸಕ್ಕರೆ ಇಳಿಸಬಲ್ಲವು. ಮಾತ್ರೆಯ ಜೊತೆ ಸೇರಿದರೆ ಮಿತಿಗಿಂತ ಕೆಳಗೆ ಹೋಗಬಹುದು. ಪಲ್ಯಕ್ಕೆ, ಒಗ್ಗರಣೆಗೆ ಬಳಸುವಷ್ಟು ಬಳಸಲಿ. ರಸ, ಕಷಾಯ ಎಂದು ದಿನಾ ಕೊಡುವುದಾದರೆ ಮಾತ್ರೆ ಬರೆದವರಿಗೆ ತಿಳಿಸಿಯೇ ಕೊಡಿ. ಕಷಾಯ ಹೇಳುವ ವೈದ್ಯರಿಗೂ ಮಾತ್ರೆಯ ಚೀಟಿ ತೋರಿಸಿ. ತಂದೆಯವರಿಗೆ ಏಕಾಏಕಿ ಬೆವರು, ಕೈ ನಡುಕ, ಕಣ್ಣು ಕತ್ತಲೆ ಬಂದರೆ ಮೊದಲು ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆತನ್ನಿ.